ಸೂಜಿ ನಂದೇ ಅಂದ ಡಾಕ್ಟ್ರಮ್ಮ

ಹಲ್ಲು ಕಿತ್ತು ಮುಗಿದ ಮೇಲೆ ವಿಶಾಲಾಕ್ಷಿ ಮೇಡಂ ಸ್ವಲ್ಪ ಹೊತ್ತು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ರೋಗಿಯ ಬಾಯಿಗೆ ಹತ್ತಿ ಕಚ್ಚಿಸಿ, ಜೋಮು ಹಿಡಿಸಲು ಕೊಟ್ಟಿದ್ದ ಇಂಜೆಕ್ಷನ್ನಿನ ಸೂಜಿಯನ್ನು ತಾವೇ ಎತ್ತಿಕೊಂಡು ಕಿಟಕಿ ಪಕ್ಕದ ಪುಟ್ಟ ಯಂತ್ರದ ತೂತಿಗೆ ಇಳಿಸುತ್ತಿದ್ದರು. ಚುರ್ ಎಂದು ಕಿಡಿ ಹಾರಿ ಸೂಜಿ ಕರಗಿ ಮೊಂಡಾಗುತ್ತಿತ್ತು. ಆ ಹೊತ್ತಿನಲ್ಲಿ ಫೋನು ಬಡಿದುಕೊಂಡರೂ ಅಷ್ಟೆ, ದೊಡ್ಡ ಮನುಷ್ಯರು ಬಾಗಿಲಲ್ಲಿ ನಿಂತಿದ್ದರೂ ಅಷ್ಟೆ. ನಾನು ಮಾಡುತ್ತೇನೆಂದು ಕೈ ಚಾಚಿದರೆ, "ಬೇಡ ಮಾರಾಯ್ತಿ. ಚುಚ್ಚಿದ ಕೈಯೇ ಸೂಜಿ ಮುಗಿಸ್ಬೇಕು" ಅನ್ನುತ್ತಿದ್ದರು.

ಭದ್ರಾವತಿಯವರು ಅವರು. ತಂದೆ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. ನ್ಯೂಟೌನಿನಲ್ಲಿ, ಬೇರೆ ಬೇರೆ ಕಡೆಯಿಂದ ಬಂದ ಕಾರ್ಮಿಕರ ಮಕ್ಕಳೊಂದಿಗೆ ಆಡಿ ಬೆಳೆದಿದ್ದರಿಂದ ತಮಿಳಿನಲ್ಲೂ ತೆಲುಗಿನಲ್ಲೂ ಸಲೀಸಾಗಿ ಬೈಯಬಲ್ಲವರಾಗಿದ್ದರು. ಮದುವೆಯಾಗಿರಲಿಲ್ಲ. ಹಣೆಗೆ ವಿಭೂತಿ, ಗಂಜಿ ಹಾಕಿದ ಕಾಟನ್ ಸೀರೆ, ಅದರ ಮೇಲೆ ಬಿಳಿ ಕೋಟು. ದಿನವೂ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಬಂದು ಕೋಟೆ ರಸ್ತೆಯ ಕ್ಲಿನಿಕ್ಕಿನ ಬೀಗ ತಾವೇ ತೆಗೆಯುತ್ತಿದ್ದರು. ಹೊಸದಾಗಿ ಬಿಡಿಎಸ್ ಮುಗಿಸಿದ್ದ ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆಗ ಆ ಯಂತ್ರ ಇರಲಿಲ್ಲ. ಊರಿನ ಎಲ್ಲ ಡಾಕ್ಟರುಗಳಂತೆ ನಾವೂ ಸೂಜಿಗೆ ಮುಚ್ಚಳ ಹಾಕಿ, ರಕ್ತದ ಹತ್ತಿಯ ಜೊತೆ ಕಾಗದದಲ್ಲಿ ಸುತ್ತಿ, ಬೀದಿಯ ಕಸದ ತೊಟ್ಟಿಗೆ ಹಾಕಿಸುತ್ತಿದ್ದೆವು. ಅದರಲ್ಲಿ ತಪ್ಪಿದೆಯೆಂದು ಯಾರಿಗೂ ಅನಿಸಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಬೀದಿ ಗುಡಿಸುವ ಅಂಜಿನಮ್ಮ ಸೆರಗಿನಲ್ಲಿ ಬೆರಳು ಒತ್ತಿಕೊಂಡು ಬಂದಳು. "ಡಾಕ್ಟ್ರಮ್ಮಾ, ತೊಟ್ಟಿ ಬಳಿಯೋವಾಗ ಏನೋ ಚುಚ್ಚಿಬಿಡ್ತು. ಸ್ವಲ್ಪ ಟಿಂಚರ್ ಹಚ್ರಿ" ಎಂದು ನಗುತ್ತಲೇ ಹೇಳಿ, ಇನ್ನೊಂದು ಕೈ ಬಿಚ್ಚಿ ತೋರಿಸಿದಳು. ಅಂಗೈಯಲ್ಲಿ ಮುಚ್ಚಳ ಕಳಚಿದ, ತೆಳ್ಳಗಿನ, ಉದ್ದನೆಯ ಸೂಜಿ.

ಮೇಡಂ ಕೂಡಲೇ ಎದ್ದರು. ಅವಳ ಕೈ ಹಿಡಿದು ನಲ್ಲಿಯ ಕೆಳಗೆ ಒಡ್ಡಿ, ಸೋಪು ಹಾಕಿ ಬಹಳ ಹೊತ್ತು ತೊಳೆದರು. ಆಮೇಲೆ ಅವಳನ್ನು ರೋಗಿಗಳು ಕೂರುವ ದೊಡ್ಡ ಕುರ್ಚಿಯಲ್ಲೇ ಕೂರಿಸಿ, ತಾವು ಸ್ಟೂಲಿನ ಮೇಲೆ ಕೂತರು.

"ಅಂಜಿನಮ್ಮ, ಇದು ಬೇರೆಯವ್ರ ಬಾಯಿಗೆ ಚುಚ್ಚಿದ ಸೂಜಿ. ಅವ್ರ ರಕ್ತದಲ್ಲಿ ಕಾಯಿಲೆ ಇದ್ರೆ ನಿಂಗೂ ಬರಬಹುದು. ಬರೋದು ಕಮ್ಮಿ. ಆದ್ರೆ ಬರಲ್ಲ ಅಂತ ನಾನು ಸುಳ್ಳು ಹೇಳಲ್ಲ. ರಕ್ತ ಪರೀಕ್ಷೆ ಮಾಡಿಸ್ಬೇಕು. ಕೆಲವು ತಿಂಗಳು ಬಿಟ್ಟು ಮತ್ತೆ ಮಾಡಿಸ್ಬೇಕು."

"ಯಾವ ಕಾಯಿಲೆ ಅಮ್ಮಾ?"

ಮೇಡಂ ಹೆಸರು ಹೇಳಿದರು. ಅದು ಆ ಹೆಸರನ್ನು ಜನ ಬಾಯಿಬಿಟ್ಟು ಹೇಳಲು ಹೆದರುತ್ತಿದ್ದ ಕಾಲ. ಅಂಜಿನಮ್ಮ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತಳು. "ನನ್ ಗಂಡಂಗೆ ಗೊತ್ತಾದ್ರೆ ಮನೆಯಿಂದ ಹೊರಗೆ ಹಾಕ್ತಾನಮ್ಮಾ. ಆ ಟೆಸ್ಟು ಮಾಡಿಸ್ಕೊಂಡ್ಳು ಅಂದ್ರೆ ಸಾಕು, ಕೇರಿಯೆಲ್ಲ ಏನೇನೋ ಮಾತಾಡತ್ತೆ."

"ನಿನ್ ಗಂಡಂಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ" ಅಂದರು ಮೇಡಂ.

ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ ಅವನನ್ನು ಅಂದೇ ಸಂಜೆ ಕರೆಸಿದರು. ರೋಗಿಗಳು ಕೂತಿದ್ದಂತೆಯೇ ಅವನು ಕೂಗಾಡಿದ. "ಓದಿದೋರು ನೀವು! ನಿಮ್ ಹೊಲಸು ಬಾಚೋದು ನಾವು, ಸಾಯೋದೂ ನಾವಾ?" ನಾನು ಅಡ್ಡ ಬರಲು ಹೋದೆ. ಮೇಡಂ ನನ್ನ ಭುಜ ಹಿಡಿದು ಹಿಂದಕ್ಕೆ ಸರಿಸಿದರು. ಅವನ ಮಾತು ಮುಗಿಯುವವರೆಗೆ ನಿಂತೇ ಇದ್ದು, "ನೀನು ಹೇಳಿದ್ದೆಲ್ಲ ಸರಿ ಕಣಪ್ಪ. ತಪ್ಪು ನಂದು. ಅವಳ್ದಲ್ಲ. ಅವಳಿಗೆ ಒಂದು ಮಾತು ಅಂದ್ರೂ ನನಗಂದ ಹಾಗೆ" ಅಂದರು. ಕಾದು ಕೂತಿದ್ದವರಲ್ಲಿ ಇಬ್ಬರು ಎದ್ದು ಹೋದರು. ಆಮೇಲೆ ಅವರು ನಮ್ಮ ಕ್ಲಿನಿಕ್ಕಿಗೆ ಬರಲೇ ಇಲ್ಲ.

ಮಾರನೆಯ ದಿನ ಸರ್ಕಾರಿ ಆಸ್ಪತ್ರೆಯ ಲ್ಯಾಬಿನ ಮುಂದೆ ಅಂಜಿನಮ್ಮನ ಜೊತೆ ಸಾಲಿನಲ್ಲಿ ನಿಂತ ಮೇಡಂ, ತಮ್ಮ ತೋಳನ್ನೂ ಮುಂದೆ ಚಾಚಿದರು. "ಇಬ್ಬರ್ದೂ ತಗೊಳ್ರಿ, ಒಂದೇ ಟೆಸ್ಟು." ಸೀಸೆ ಹಿಡಿದವನು ಕಣ್ಣರಳಿಸಿದ. ಹೆಸರು ಕೇಳಿದಾಗ ತಮ್ಮ ಹೆಸರನ್ನು ಇಡೀ ಸಾಲಿಗೆ ಕೇಳಿಸುವಂತೆ ಹೇಳಿದರು. ಡಾಕ್ಟ್ರಮ್ಮನೇ ಮಾಡಿಸಿಕೊಂಡಳಂತೆ ಎಂಬ ಸುದ್ದಿ ಕೇರಿ ಮುಟ್ಟಿದ ಮೇಲೆ ಅಂಜಿನಮ್ಮನ ಬಗ್ಗೆ ಆಡಲು ಯಾರಿಗೂ ಮಾತು ಉಳಿಯಲಿಲ್ಲ. ರಕ್ತದಿಂದಲೇ ಹರಡುವ ಕಾಮಾಲೆಯೊಂದರ ಲಸಿಕೆಯನ್ನೂ ಮೇಡಂ ಅವಳಿಗೆ ಮುಂದೆ ನಿಂತು ಹಾಕಿಸಿದರು. ನಾನಾಗಿದ್ದರೆ ಇದರಲ್ಲಿ ಒಂದನ್ನಾದರೂ ಮಾಡುತ್ತಿದ್ದೆನೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ಆ ತಿಂಗಳಲ್ಲೇ ಊರಿನ ದಂತವೈದ್ಯರೆಲ್ಲ ಒಂದು ಹೋಟೆಲಿನಲ್ಲಿ ಸೇರಿದ್ದೆವು. ಊಟಕ್ಕೆ ಏಳುವ ಮುಂಚೆ ಮೇಡಂ ಎದ್ದು ನಿಂತು ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಹಿರಿಯ ಡಾಕ್ಟರೊಬ್ಬರು ನಕ್ಕರು. "ಮೇಡಂ, ನಿಮ್ ಬೀದಿಲಿ ನಾಲ್ಕು ಕ್ಲಿನಿಕ್ ಇದಾವೆ. ಆ ಸೂಜಿ ನಿಮ್ದೇ ಅಂತ ಏನು ಗ್ಯಾರಂಟಿ?"

"ನಂದಲ್ಲ ಅನ್ನೋಕೂ ಗ್ಯಾರಂಟಿ ಇಲ್ವಲ್ಲ ಸಾರ್. ಅದಕ್ಕೇ ನಂದೇ ಅಂದೆ."

ಅಷ್ಟು ಹೇಳಿ ಮೇಡಂ ಕೂತರು.

ಸೂಜಿ ಸುಡುವ ಯಂತ್ರ ಬಂದದ್ದು ಆಮೇಲೆ. ಸುಟ್ಟ ಚೂರುಗಳನ್ನು ಹಾಕಲು ಕ್ಲಿನಿಕ್ಕಿನ ಹಿತ್ತಲಲ್ಲಿ ಸಿಮೆಂಟ್ ರಿಂಗ್ ಇಳಿಸಿ ಗುಂಡಿ ಮಾಡುತ್ತೇನೆಂದು ಮೇಡಂ ಅಂದಾಗ ಕಟ್ಟಡದ ಮಾಲೀಕ ಶೆಟ್ಟರು ಹೌಹಾರಿದರು. "ಮನೆ ಹಿಂದೆ ಸೂಜಿ ಹೂಳ್ತೀರಾ? ಮಾಟ ಮಾಡ್ಸಿದಾರೆ ಅಂತಾರಲ್ರೀ ಜನ!" ಮೇಡಂ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಕೊನೆಗೆ ಭದ್ರಾವತಿಯಲ್ಲಿದ್ದ ತಮ್ಮದೇ ಮನೆಯ ಹಿಂದೆ ಗುಂಡಿ ತೋಡಿಸಿ, ಮೇಲೆ ಕಾಂಕ್ರೀಟ್ ಹಾಕಿಸಿ, ಒಂದು ಕೊಳವೆಯಷ್ಟೇ ಬಾಯಿ ಬಿಟ್ಟು ಅದಕ್ಕೂ ಬೀಗ ಹಾಕಿಸಿದರು. ಬೇರೆ ಕ್ಲಿನಿಕ್ಕುಗಳಿಗೂ ದಪ್ಪ ತಗಡಿನ ಡಬ್ಬಿ ಕೊಟ್ಟರು. ಭಾನುವಾರ ಪರಿಚಯದವರ ವ್ಯಾನಿನಲ್ಲಿ ವಿದ್ಯಾನಗರ, ರವೀಂದ್ರನಗರ ಸುತ್ತಿ ತುಂಬಿದ ಡಬ್ಬಿಗಳನ್ನು ತಾವೇ ಎತ್ತಿಕೊಂಡು ಹೋಗುತ್ತಿದ್ದರು. "ಗುಜರಿ ಅಮ್ಮ ಬಂದ್ರು" ಎಂದು ಹಿಂದಿನಿಂದ ಆಡಿಕೊಂಡವರೂ ಡಬ್ಬಿ ಮಾತ್ರ ತಪ್ಪದೆ ಕೊಡತೊಡಗಿದರು.

ಹಲ್ಲಿಗೆ ತುಂಬುವ ಬೆಳ್ಳಿ ಮಿಶ್ರಣದಲ್ಲಿ ಪಾದರಸ ಇರುತ್ತದೆ. ಅದರ ಚೂರನ್ನು ಒಮ್ಮೆ ನಾನು ಸಿಂಕಿಗೆ ತೊಳೆಯಲು ಹೋದಾಗ ಮೇಡಂ ನಲ್ಲಿ ನಿಲ್ಲಿಸಿ ಕೇಳಿದರು: "ಈ ನೀರು ಎಲ್ಲಿಗೆ ಹೋಗತ್ತೆ ಹೇಳು? ತುಂಗೆಗೆ. ನೀನು ಕುಡಿಯೋದೇನು?" ಅಂದಿನಿಂದ ಚೂರುಗಳೆಲ್ಲ ಬಿಗಿ ಮುಚ್ಚಳದ ಬಾಟಲಿಗೆ ಹೋದವು.

ಅಂಜಿನಮ್ಮನ ಕೊನೆಯ ಪರೀಕ್ಷೆಯ ಫಲಿತಾಂಶ ಬಂದಾಗ ಮೇಡಂ ಕಟ್ಟುಹಲ್ಲಿಗಾಗಿ ಒಬ್ಬರ ಬಾಯಿಯ ಅಚ್ಚು ತೆಗೆಯುತ್ತಿದ್ದರು. ಏನೂ ಇಲ್ಲವಂತೆ ಎಂದು ನಾನು ಓಡಿಬಂದು ಹೇಳಿದೆ. "ಹೂಂ, ಸರಿ" ಎಂದವರೇ ಕೆಲಸ ಮುಂದುವರಿಸಿದರು. ಇಷ್ಟು ಗಟ್ಟಿ ಮನುಷ್ಯರೂ ಇರುತ್ತಾರೆಯೇ ಎಂದು ನಾನು ಬೆರಗಾಗಿದ್ದೆ.

ವರ್ಷಗಳು ಕಳೆದವು. ಎರಡು ಸಾವಿರದ ಇಸವಿಯ ಈಚೆಗೆ ಆಸ್ಪತ್ರೆ ಕಸ ಒಯ್ಯಲೆಂದೇ ವಾಹನ ಬರತೊಡಗಿತು. ನಾನು ನನ್ನದೇ ಕ್ಲಿನಿಕ್ ಇಟ್ಟೆ. ಮೇಡಂ ಕೆಲಸ ಬಿಟ್ಟು ಭದ್ರಾವತಿಯಲ್ಲೇ ಉಳಿದರು. ಕೊನೆಯ ಸಲ ನೋಡಲು ಹೋದಾಗ ಬಹಳ ಇಳಿದುಹೋಗಿದ್ದರು. ಉಪ್ಪಿಟ್ಟು ಕೊಟ್ಟು, ತಾವು ತಿನ್ನದೆ ನಾನು ತಿನ್ನುವುದನ್ನೇ ನೋಡುತ್ತ ಕೂತರು. ಬಹುಕಾಲದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ: "ಮೇಡಂ, ಅಂಜಿನಮ್ಮನ ರಿಸಲ್ಟಿಗೆ ಕಾಯ್ತಿದ್ದ ಆ ತಿಂಗಳುಗಳಲ್ಲಿ ನಿಮಗೆ ಹೆದರಿಕೆ ಆಗ್ಲೇ ಇಲ್ವಾ?"

"ಆಗ್ಲಿಲ್ವಾ? ಏನ್ ಕೇಳ್ತೀಯೆ ಮಾರಾಯ್ತಿ!" ಅವರು ನಗತೊಡಗಿದರು. "ರಿಸಲ್ಟ್ ಬಂತಲ್ಲ, ಅವತ್ತು ಸಂಜೆ ಬಸ್ಸಲ್ಲಿ ಕೂತಿದ್ದೇ ಅಳು ಬಂದುಬಿಡ್ತು. ನಿಲ್ಸೋಕೇ ಆಗ್ಲಿಲ್ಲ. ಪಕ್ಕದಲ್ಲಿದ್ದ ಸಾಬರ ಅಜ್ಜಿ, ಪಾಪ, ನಮ್ಮನೇಲಿ ಯಾರೋ ತೀರ್ಕೊಂಡಿರ್ಬೇಕು ಅಂದ್ಕೊಂಡು ಭದ್ರಾವತಿ ಬರೋವರೆಗೂ ಬೆನ್ನು ಸವರಿದ್ರು ಕಣೆ. ಇಳಿಯೋವಾಗ ಮಡ್ಲಿಗೆ ಕಡಲೆಕಾಯಿ ಬೇರೆ ಹಾಕಿದ್ರು. ಯಾರೂ ಸತ್ತಿಲ್ಲ ಅಜ್ಜಿ, ಒಬ್ಳು ಉಳ್ಕೊಂಡ್ಳು ಅಂತ ಹೇಳ್ಬೇಕು ಅಂದ್ಕೊಂಡೆ. ಬಾಯೇ ಬರ್ಲಿಲ್ಲ."

ನಗುತ್ತ ನಗುತ್ತಲೇ ಅವರ ಕಣ್ಣು ತುಂಬಿತು. ಮುಂದಿನ ಬೇಸಿಗೆಗೆ ಅವರು ತೀರಿಕೊಂಡರೆಂದು ಫೋನು ಬಂದಾಗ ನಾನು ಭದ್ರಾವತಿಗೆ ಸಿಕ್ಕಿದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆ. ಯಾರೂ ಏನೂ ಕೇಳಲಿಲ್ಲ.