ಯಾರೋ ನೆನೆಸಿಕೊಂಡರಂತೆ

ಊಟ ನೆತ್ತಿಗೆ ಹತ್ತಿದರೆ ಯಾರೋ ನೆನೆಸಿಕೊಂಡರು ಅನ್ನುವ ಮಾತನ್ನು ನಾನು ಎಂದೂ ನಂಬಿದವಳಲ್ಲ. ನಿಮ್ಮಲ್ಲಿ ಅದು ತಮಾಷೆಯ ಮಾತಿರಬಹುದು. ನಮ್ಮ ಮನೆಯಲ್ಲಿ ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೆಟ್ಟೂರಿನ ಆಚೆಯ ನಮ್ಮೂರಿನಲ್ಲಿ ನಮ್ಮದು ‘ನಿದ್ದೆಗಣ್ಣಿನೋರ ಮನೆ’. ಐವತ್ತು ಹತ್ತಿರವಾಗುತ್ತಲೇ ರೆಪ್ಪೆ ಜೋತುಬೀಳುತ್ತದೆ, ಆಮೇಲೆ ಗಂಟಲು ಸೋಲುತ್ತದೆ. ತಾತನಿಗೆ ಹಾಗಾಗಿತ್ತು, ಅಪ್ಪನಿಗೂ ಆಯಿತು. ಮುದ್ದೆಯನ್ನು ಅಗಿಯದೆ ನುಂಗುವ ಜನ ನಾವು. ಅದು ಗಂಟಲಲ್ಲಿ ನಿಂತರೆ ಗಂಡಸೇ ಅಲ್ಲ ಅನ್ನುವ ಊರು. ಸೇಲಂನ ಡಾಕ್ಟರು ಬಿಡಿಸಿ ಹೇಳಿದ್ದರು: ಇದು ವಂಶದಲ್ಲಿ ಬರುವ ಸ್ನಾಯುವಿನ ಕಾಯಿಲೆ, ಮೆತ್ತಗಿನ ಊಟ ಕೊಡಿ, ಗಲ್ಲ ತಗ್ಗಿಸಿ ಸಣ್ಣ ತುತ್ತು ನುಂಗಲಿ, ಗಂಟಲು ಕಟ್ಟಿದಾಗ ನೀರು ಹೊಯ್ಯಲೇಬೇಡಿ, ಬಗ್ಗಿಸಿ ಬೆನ್ನಿಗೆ ಗುದ್ದಿ.

ಧರ್ಮಪುರಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ನಾನು ಊರಿಗೆ ಹೋದಾಗಲೆಲ್ಲ ಇದನ್ನೇ ಹೇಳುತ್ತಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗೆ ಬೇಯಿಸಿ ಹಾಕುತ್ತಿದ್ದವಳು ಅವನ ಅಣ್ಣನ ಹೆಂಡತಿ, ನನ್ನ ದೊಡ್ಡಮ್ಮ. ಅವನು ಕೆಮ್ಮಿದ ಕೂಡಲೇ ನೆತ್ತಿ ತಟ್ಟಿ ಚೊಂಬು ಬಾಯಿಗೆ ಹಿಡಿಯುತ್ತಿದ್ದಳು. “ಸತ್ತೋದ ಮಾವ ನೆನಿಸ್ಕಂಡವ್ರೆ ಕಣಪ್ಪಾ, ತಣ್ಣಿ ಕುಡಿ, ಸರ್ಯೋಯ್ತದೆ.”

ಒಂದು ಮಧ್ಯಾಹ್ನ ಬಸ್ಸಿನಲ್ಲಿ ಊರಿಗೆ ಹೊರಟಿದ್ದೆ. ತೊಪ್ಪೂರಿನ ಹತ್ತಿರ ಲಾರಿ ಮಗುಚಿ ಬಸ್ಸು ನಿಂತಿತು. ನನ್ನ ಬಾಯಲ್ಲಿ ಏನೂ ಇರಲಿಲ್ಲ. ಇದ್ದಕ್ಕಿದ್ದಂತೆ ಕೆಮ್ಮು ಬಂದು ಗಂಟಲು ಕಟ್ಟಿತು, ಕಣ್ಣಲ್ಲಿ ನೀರು ಬಂತು, ನೆತ್ತಿಯ ಮೇಲೆ ಯಾರೋ ತಟ್ಟಿದರು. ತಿರುಗಿದರೆ ಹಿಂದಿನ ಸೀಟು ಖಾಲಿ. ಪಕ್ಕದ ಹೆಂಗಸು, ಯಾರೋ ನೆನೆಸಿಕೊಂಡರು ಎಂದು ತಮಿಳಿನಲ್ಲಿ ಹೇಳಿ ನೀರಿನ ಬಾಟಲಿ ಚಾಚಿದಳು. ತಳ್ಳಿಬಿಟ್ಟೆ. ಯಾಕೋ ಏನೋ, ಉಸಿರು ಮರಳಿದ ಕೂಡಲೇ ಮನೆಗೆ ಫೋನ್ ಮಾಡಿದೆ, ಅತ್ತಲಿಂದ ಮಾತು ಬರುವ ಮೊದಲೇ ಕಿರುಚಿದೆ: “ನೀರು ಉಯ್ಯಬ್ಯಾಡ, ಬಗ್ಸು!”

ದೊಡ್ಡಮ್ಮನ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚೊಂಬು ಇತ್ತಂತೆ. ಅಪ್ಪನ ಮುಖ ಆಗಲೇ ಕಪ್ಪಿಟ್ಟಿತ್ತು. ಹೆದರಿ ಚೊಂಬು ಕೈಬಿಟ್ಟು, ಬಗ್ಗಿಸಿ ಗುದ್ದಿದಳು. ತುತ್ತು ಹೊರಬಿತ್ತು.

ನಾನು ಹೋಗುವಷ್ಟರಲ್ಲಿ ಊರೆಲ್ಲ ನಮ್ಮ ಜಗಲಿಯ ಮೇಲಿತ್ತು. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು, ಬಸ್ಸಿನಲ್ಲಿ ಆದದ್ದನ್ನು ಹೇಳಿಬಿಟ್ಟೆ.

“ನೋಡ್ದೇನವ್ವಾ, ನಿಮ್ಮಪ್ಪ ನೆನಿಸ್ಕಂಡ, ನಿಂಗೆ ನೆತ್ತಿಗತ್ತೈತೆ. ಇನ್ನೇನ್ ಬಯ? ಏನಾರ ಆದ್ರೆ ನಿಂಗೆ ಗೊತ್ತಾಯ್ತದೆ,” ಅಂದಳು ದೊಡ್ಡಮ್ಮ.

ಡಾಕ್ಟರ ಮಾತಿಗೆ ಇಲ್ಲದ ಬೆಲೆ ನನ್ನ ಕೆಮ್ಮಿಗೆ ಬಂತು! ಒಂದೇ ವಾರದಲ್ಲಿ ಅಪ್ಪನ ತಟ್ಟೆಗೆ ಮತ್ತೆ ಮುದ್ದೆ ಬಿತ್ತು. ಕೂಗಾಡಿದೆ, ಅತ್ತುಕೊಂಡೆ, ತಟ್ಟೆ ಕಿತ್ತು ಎಸೆದೆ. ಅಪ್ಪನೂ ನಕ್ಕುಬಿಟ್ಟ.

ಆಡಿ ತಿಂಗಳಲ್ಲಿ, ನಿಮ್ಮ ಆಷಾಢದಲ್ಲಿ, ಅವನು ಹೋದ. ಅದೇ ಮುದ್ದೆ, ಅದೇ ನೀರು. ಆ ಹೊತ್ತಿಗೆ ನಾನು ಅಂಗಡಿಯಲ್ಲಿ ಕೂತು ಟೀ ಕುಡಿಯುತ್ತಿದ್ದೆ. ಒಂದು ಗುಟುಕೂ ತಡೆಯಲಿಲ್ಲ.

ತೊಪ್ಪೂರಿನಲ್ಲಿ ನನ್ನ ನೆತ್ತಿ ತಟ್ಟಿದ್ದು ಏನೆಂದು ನನಗೆ ಗೊತ್ತಿಲ್ಲ. ಮನೆಯ ಕಾಯಿಲೆ ನನ್ನ ಗಂಟಲಿಗೂ ಇಳಿಯಿತು ಅಂದುಕೊಳ್ಳೋಣವೆಂದರೆ ಆಮೇಲೆ ಒಮ್ಮೆಯೂ ಹಾಗಾಗಿಲ್ಲ. ಯಾವುದೇ ಆಗಿರಲಿ, ಅದರ ಮೇಲೆ ನನಗೆ ಸಿಟ್ಟಿದೆ. ಅವತ್ತು ಬಂದು ಎಲ್ಲರ ಹೆದರಿಕೆ ಕಳೆದು, ಬೇಕಾದಾಗ ಸುಮ್ಮನಾಯಿತು.

ಅಪ್ಪನನ್ನು ಮಲಗಿಸಿದ್ದ ಕಡೆ ದೊಡ್ಡಮ್ಮ ನನ್ನ ಕೈ ಹಿಡಿದು ಎಲ್ಲರ ಎದುರು ಕೇಳಿದಳು: “ಯಾಕವ್ವಾ, ಸಾಯೋವಾಗ ನಿಮ್ಮಪ್ಪ ನಿನ್ನ ನೆನಿಸ್ಕಳ್ನೇ ಇಲ್ವಾ?”