ಕಾಡಿಗೆ ಇಟ್ಟ ಮರಿಗಳು

ನಮ್ಮ ಮನೆಯ ಒಂದು ಚಿತ್ರಪುಸ್ತಕದಲ್ಲಿ ಆನೆಮರಿ, ಕರಡಿಮರಿ, ಜಿಂಕೆಮರಿ, ಎಲ್ಲದರ ಗಲ್ಲದ ಮೇಲೂ ಕಾಡಿಗೆಯ ಬೊಟ್ಟಿದೆ. ಇಟ್ಟವರು ಸಿಂದಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸುಶೀಲಾ ಕಾಕು. ಬೆಳಗಾಗುತ್ತಲೇ ಕಾಡಿನ ಮರಿಗಳು ಒಂದೊಂದಾಗಿ ಕಣ್ಣು ಬಿಡುವ ಪುಸ್ತಕ ಅದು. ಮಗಳಿಗೆಂದು ತಂದ ಹೊಸ ಪುಸ್ತಕ ಹಾಳಾಯಿತಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಕಾಕು ಹುಲಿಮರಿಗೂ ಬೊಟ್ಟಿಡುತ್ತಲೇ ಹೇಳಿದರು: "ಓಣಿ ಹುಡುಗರೆಲ್ಲಾ ಬಂದು ನೋಡ್ತಾವ. ದೃಷ್ಟಿ ತಾಗಂಗಿಲ್ಲೇನು? ಹುಲಿದಾದ್ರೂ ಕೂಸು ಕೂಸೇ."

ಮನೆಯಲ್ಲಿ ಅವರದು ಅರ್ಧ ಮರಾಠಿ, ಅರ್ಧ ಕನ್ನಡ. ಬೈಗುಳ ಮಾತ್ರ ಅಪ್ಪಟ ಕನ್ನಡ. ಕಡ್ಡಿಯಂಥ ಮೈ, ದಪ್ಪ ಗಾಜಿನ ಚಾಳೀಸು, ಓಣಿಯ ಆ ತುದಿಗೂ ಕೇಳುವ ದನಿ. ಮಕ್ಕಳಿಗೆ ಸುಳ್ಳು ಹೇಳಿದರೆ ಅವರಿಗೆ ಆಗುತ್ತಿರಲಿಲ್ಲ. 'ಗುಮ್ಮ ಬಂದ' ಎಂದು ಮೊಮ್ಮಗಳಿಗೆ ತುತ್ತು ತಿನ್ನಿಸುತ್ತಿದ್ದ ನಮ್ಮ ಅತ್ತೆಗೆ, "ಎಲ್ಲಿ ಬಂದಾನ ತೋರಸ್ರಿ, ಅವಗೂ ಒಂದು ತಾಟು ಹಚ್ಚೂಣು" ಎಂದಿದ್ದರು.

ನಾಲ್ಕು ವರ್ಷದವಳಿದ್ದಾಗ ನನ್ನ ಮಗಳು ಮುಕ್ತಾ ಜ್ವರದಿಂದ ಆಸ್ಪತ್ರೆ ಸೇರಿದಳು. ಅಲ್ಲಿ ಎದುರು ಮಂಚದ ಹುಡುಗ ಒಂದು ಮುಂಜಾನೆ ಏಳಲಿಲ್ಲ. ಅವನು ಊರಿಗೆ ಹೋದ ಎಂದು ಎಲ್ಲರೂ ಹೇಳಿದರು. ಅವಳು ಕಣ್ಣಾರೆ ನೋಡಿದ್ದಳು. ಮನೆಗೆ ಬಂದ ಮೇಲೆ ಮಲಗಲು ಒಲ್ಲೆ ಎಂದಳು. ನಿದ್ದೆಗೆ ಕಣ್ಣು ಎಳೆದರೆ ಬೆಚ್ಚಿ ಎದ್ದು ಕೂರುವಳು. ನಿದ್ದೆಯಿಲ್ಲದೆ ಸೊರಗುತ್ತಿದ್ದ ಕೂಸನ್ನು ನೋಡಿ ನನಗೆ ದಿಕ್ಕೇ ತೋಚಲಿಲ್ಲ.

ಆಗ ಕಾಕು ದಿನಾ ಮಧ್ಯಾಹ್ನ ಬಂದು ಆ ಪುಸ್ತಕ ಓದತೊಡಗಿದರು. ಅವರದೊಂದು ಕಟ್ಟುನಿಟ್ಟು: ಕೊನೆಯ ಮರಿ ಏಳುವವರೆಗೆ ಪುಸ್ತಕ ಮುಚ್ಚುವಂತಿಲ್ಲ. ಬಾಗಿಲಿಗೆ ಯಾರಾದರೂ ಬಂದರೆ, "ತಡೀರಿ, ಜಿಂಕಿಮರಿ ಇನ್ನೂ ಎದ್ದಿಲ್ಲ!" ಎಂದು ಕೂಗುವರು. "ಏಳೋ ಸೋಮಾರಿ, ಚಹಾ ಆರ್ಲಿಕತ್ತದ" ಎಂದು ಆನೆಮರಿಯನ್ನು ಗದರಿದರೆ ಮುಕ್ತಾ ನಗುವಳು.

ಒಂದು ದಿನ ಅವಳು ಕೇಳಿಯೇಬಿಟ್ಟಳು: "ಕಾಕು, ನಾ ಮಲಗಿ ಏಳಲಿಲ್ಲಂದ್ರ?"

ನಾನು ಅಡುಗೆಮನೆಯಿಂದ ಓಡಿ ಬಂದೆ. ಕಾಕು ಕೈಸನ್ನೆ ಮಾಡಿ ತಡೆದರು.

"ಆ ಹುಡುಗಗ ಭಾಳ ಜಡ್ಡಾಗಿತ್ತು, ಸತ್ತು ಹೋದ. ನಿನಗ ಈಗ ಆರಾಮಾಗೇದ. ಡಾಕ್ಟರು ಹೇಳ್ಯಾರ, ನಾನೂ ಕೇಳೀನಿ. ನೀ ಏಳ್ತಿ."

"ಮತ್ತ ನೀವು?"

"ನಾ ಮುದುಕಿ. ಒಂದಿನ ಏಳಂಗಿಲ್ಲ. ನೀ ಮಾತ್ರ ಎದ್ದು ಹಲ್ಲು ತಿಕ್ಕು."

ಅದುವರೆಗೆ ಯಾರೂ ಅವಳಿಗೆ 'ಸತ್ತ' ಎಂದಿರಲಿಲ್ಲ. ಅವಳು ಕಾಕುವಿನ ಮುಖವನ್ನೇ ನೋಡಿದಳು, ಆಮೇಲೆ ಅವರ ತೊಡೆಯ ಮೇಲೆಯೇ ನಿದ್ದೆ ಹೋದಳು. ಸಂಜೆಯವರೆಗೂ ಕಾಕು ಅಲುಗಾಡಲಿಲ್ಲ. ಮುಕ್ತಾ ಎದ್ದಾಗ ಅವರ ಕಾಲು ಜೋಮು ಹಿಡಿದು, ಅವರನ್ನೇ ಎಬ್ಬಿಸಬೇಕಾಯಿತು. ಆ ಮಧ್ಯಾಹ್ನದ ಋಣ ನನ್ನಿಂದ ತೀರುವಂಥದ್ದಲ್ಲ.

ಕಳೆದ ಸಂಕ್ರಮಣದ ಮರುದಿನ ಕಾಕು ಏಳಲಿಲ್ಲ. ಹಬ್ಬಕ್ಕೆಂದು ಇಂಡಿ ಊರಿನಿಂದ ಅವರ ಮಗಳು, ಪುಟ್ಟ ಮೊಮ್ಮಗಳು ಗೌರಿ ಬಂದಿದ್ದರು. ಮುಕ್ತಾ ಈಗ ಶಾಲೆಯಲ್ಲಿ ಐದನೆಯ ಇಯತ್ತೆ. ಹಳೆಯ ಹೆದರಿಕೆ ಮರಳೀತೆಂದು ಅಂಜುತ್ತಲೇ ಅವಳನ್ನು ಎಬ್ಬಿಸಿ ಹೇಳಿದೆ: "ಕಾಕು ಸತ್ತು ಹೋದ್ರು. ಮಲಗಿದವರು ಏಳಲಿಲ್ಲ."

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು: "ಗೌರಿಗೆ ಏನಂತ ಹೇಳ್ಯಾರ?"

"ಅಜ್ಜಿ ಮಲಗ್ಯಾರ ಅಂತ."

ಮುಕ್ತಾ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ಹಂಗಂದ್ರ ಆಕಿ ಇವತ್ತ ಮಲಗಂಗಿಲ್ಲವ್ವಾ," ಎಂದು ಪಕ್ಕದ ಮನೆಗೆ ನಡೆದಳು.