ತುಳಸಿಕಟ್ಟೆಯ ಸುತ್ತಿನ ಪಾಚಿ

ಕಾಲೇಜಿಗೆ ವೇಳಾಪಟ್ಟಿ ಮಾಡುವವನಿಗೆ ಮನೆಗೊಂದು ಮಾಡುವುದು ಯಾವ ಮಹಾ ಕೆಲಸ ಎಂಬ ಜಂಬ ನನಗಿತ್ತು. ಕಾರ್ಕಳದಲ್ಲಿ ಗಣಿತ ಪಾಠ ಮಾಡುತ್ತೇನೆ. ಇನ್ನಂಜೆಯ ಮನೆಯಿಂದ ಬೆಳಿಗ್ಗೆ ಏಳೂಕಾಲಿಗೆ ಹೊರಟರೆ ಎರಡು ಬಸ್ಸು ಬದಲಿಸಿ ಹೋಗಿ, ಮರಳುವಾಗ ಸಂಜೆ ಆರು ದಾಟುತ್ತದೆ. ಹೆಂಡತಿ ಉಡುಪಿಯ ಬ್ಯಾಂಕಿನಲ್ಲಿ. ಅವಳದ್ದೂ ಅದೇ ಪಾಡು. ಗುಡಿಸುವುದು, ಒರೆಸುವುದು, ಜೇಡರ ಬಲೆ ತೆಗೆಯುವುದು ಎಲ್ಲವನ್ನೂ ಅಮ್ಮ ಮಾಡುತ್ತಿದ್ದಳು. ಅದು ಕೆಲಸ ಅಂತಲೇ ನಮಗೆ ಹೊಳೆದಿರಲಿಲ್ಲ, ನಾಚಿಕೆಗೇಡು.

ಅಮ್ಮನ ಮೊಣಕಾಲು ಸೋತು, ಕಣ್ಣಿಗೆ ಪೊರೆ ಬಂದ ಮೇಲೆ ಹೊಳೆಯಿತು. ಒಂದೇ ತಿಂಗಳಲ್ಲಿ ಬಚ್ಚಲು ನಾರತೊಡಗಿತು. ನನಗೂ ಹೆಂಡತಿಗೂ ದಿನಾ ಜಗಳ. ಕೊನೆಗೆ ನಾನು ಸ್ಕೇಲು ಹಿಡಿದು ಪಟ್ಟಿ ಬರೆದೆ. ದಿನಕ್ಕೆ ಒಂಬತ್ತು ಕೆಲಸ, ಪ್ರತಿಯೊಂದಕ್ಕೂ ನಿಮಿಷ ಸಹಿತ. ಅದು ಬಾಳಿದ್ದು ನಾಲ್ಕು ದಿನ. ಬಸ್ಸಿನಲ್ಲಿ ನಿಂತು ಬಂದ ಮೈಗೆ ಅರ್ಧ ಗಂಟೆಯಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ಮಾತ್ರ ಬರೆಯಬೇಕು, ಉಳಿದದ್ದು ಕೊಳಕಾಗಿಯೇ ಇರಲಿ ಎಂದಳು ಹೆಂಡತಿ. ಹಾಗೆ ಎರಡನೆಯ ಪಟ್ಟಿ ಹುಟ್ಟಿತು. ಒಬ್ಬರಿಗೆ ದಿನಕ್ಕೆ ಒಂದೇ ಕೆಲಸ. ಮುಗಿಸಿದವರು ಕೆಂಪು ಪೆನ್ನಿನಲ್ಲಿ ರೈಟ್ ಹಾಕಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು, ಅದು ನಡೆಯಿತು. ಒಬ್ಬರ ರೈಟಿನ ಮೇಲೆ ಇನ್ನೊಬ್ಬರು ಕಣ್ಣಿಟ್ಟಿದ್ದೆವು, ಅದಕ್ಕೇ ನಡೆಯಿತು.

ಭಾನುವಾರದ ಅಂಗಳ ನನ್ನ ಪಾಲು. ಹಿಂದೆಲ್ಲ ಮಳೆಗಾಲಕ್ಕೆ ಅಂಗಳದಲ್ಲಿ ತೆಂಗಿನ ಮಡಲು ಹಾಸಿ ಅದರ ಮೇಲೆ ನಡೆಯುತ್ತಿದ್ದೆವು. ಸಿಮೆಂಟು ಹಾಕಿಸಿದ ಮೇಲೆ ಆ ರೂಢಿ ತಪ್ಪಿತು, ಪಾಚಿ ಶುರುವಾಯಿತು. ಬ್ಲೀಚಿಂಗ್ ಪುಡಿ ಎರಚಿ ಗುಡಿಸಿದರೆ ಮುಗಿಯುತ್ತಿತ್ತು. ಆದರೆ ತುಳಸಿಕಟ್ಟೆಯ ಸುತ್ತ ಮೂರು ಮಾರು ಪುಡಿ ಬೀಳಕೂಡದು ಎಂದು ಅಮ್ಮನ ಕಟ್ಟಪ್ಪಣೆ. ಒಮ್ಮೆ ಆ ನೀರು ಬುಡಕ್ಕೆ ಹೋಗಿ ಗಿಡ ಸತ್ತಿತ್ತು, ಆ ದಿನ ಅಮ್ಮ ಊಟ ಮಾಡಿರಲಿಲ್ಲ. ಹಾಗಾಗಿ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಹಿಡಿಸೂಡಿಯ, ಅಂದರೆ ತೆಂಗಿನ ಪೊರಕೆಯ, ಕಡ್ಡಿಗಳಲ್ಲಿ ಉಜ್ಜಬೇಕು. ಸೊಂಟ ಮುರಿಯುವ ಕೆಲಸ. ನಾನು ಗೊಣಗುತ್ತಲೇ ಉಜ್ಜುತ್ತಿದ್ದೆ.

ಅಮ್ಮ ದಿನಾ ಸ್ನಾನ ಮಾಡಿ, ಚೆಂಬು ನೀರು ಹಿಡಿದು, ಬರಿಗಾಲಲ್ಲಿ ಆ ಕಟ್ಟೆಗೆ ಮೂರು ಸುತ್ತು ಬರುವವಳು. ಪಾಚಿ ಅವಳ ಕಣ್ಣಿಗೆ ಕಾಣದು. ಅದಕ್ಕೆ ಅವಳೊಂದು ಉಪಾಯ ಮಾಡಿಕೊಂಡಿದ್ದಳು. ಸೋಮವಾರ ಬೆಳಿಗ್ಗೆ ಫ್ರಿಜ್ಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಭಾನುವಾರದ ಚೌಕ ನೋಡುವುದು. ಕೆಂಪು ಕಂಡರೆ ಆ ವಾರವಿಡೀ ಅಂಗಳಕ್ಕೆ ಇಳಿಯುವುದು, ಕಾಣದಿದ್ದರೆ ಜಗಲಿಯ ಅಂಚಿನಿಂದಲೇ ನೀರು ಬಿಟ್ಟು ಕೈಮುಗಿಯುವುದು. ದೇವರಿಗೂ ನನ್ನ ಸಹಿ ಬೇಕಾಯಿತಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅಮ್ಮನೂ ನಗುತ್ತಿದ್ದಳು.

ಆಟಿ ತಿಂಗಳ, ಅಂದರೆ ಆಷಾಢದ, ಒಂದು ಭಾನುವಾರ. ಉತ್ತರ ಪತ್ರಿಕೆಗಳ ಕಟ್ಟು ಮುಂದಿತ್ತು, ಹೊರಗೆ ಬಿಡದ ಮಳೆ. ಪುಡಿ ಹಾಕುವಲ್ಲಿ ಹಾಕಿದೆ. ಕಟ್ಟೆಯ ಸುತ್ತ ನಾಳೆ ನೋಡುವಾ ಅಂತ ಬಿಟ್ಟೆ. ಸಂಜೆ ಹೆಂಡತಿ ಪಟ್ಟಿಯ ಮುಂದೆ ನಿಂತದ್ದು ಕಂಡಿತು. ನನ್ನ ಕೈಯಲ್ಲಿ ಕೆಂಪು ಪೆನ್ನು ಇತ್ತು, ಎದ್ದು ಹೋಗಿ ಇನ್ನೊಂದು ಪತ್ರಿಕೆಗೆ ಹಾಕುವ ಹಾಗೆ ಭಾನುವಾರಕ್ಕೂ ಒಂದು ರೈಟ್ ಹಾಕಿದೆ. ಅಮ್ಮನ ನೆನಪು ಆಗ ಬರಲೇ ಇಲ್ಲ. ಬಂದಿದ್ದರೆ ಅಳಿಸುತ್ತಿದ್ದೆನೇ? ಗೊತ್ತಿಲ್ಲ.

ಮರುದಿನ ನಾನು ಅಂಗಿಯ ಗುಂಡಿ ಹಾಕುತ್ತಿದ್ದಾಗ ಅಂಗಳದಲ್ಲಿ ಚೆಂಬು ಉರುಳಿದ ಸದ್ದು. ಅಮ್ಮ ಕೂಗಲಿಲ್ಲ. ಓಡಿಹೋದರೆ ಕಟ್ಟೆಯ ಬುಡದಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದಳು, ಸೀರೆಯ ಅಂಚಿನ ತುಂಬ ಹಸಿರು ಲೋಳೆ. ಮಣಿಪಾಲಕ್ಕೆ ಕರೆದೊಯ್ದೆವು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆದರೆ ಅಮ್ಮ ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ.

ಭಾನುವಾರ ಉಜ್ಜಿದ್ದು ಸೋಮವಾರ ಹೇಗೆ ಜಾರಿತು ಎಂದು ಹೆಂಡತಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಮಲಗಿದಲ್ಲಿಂದ ಉತ್ತರ ಕೊಟ್ಟಳು. ಆಟಿಯ ಮಳೆಗೆ ಒಂದೇ ರಾತ್ರಿಯಲ್ಲಿ ಪಾಚಿ ಬರುತ್ತದೆ ಅಂತ. ನೋಡಲು ಬಂದ ನೆಂಟರಿಗೂ ಅದನ್ನೇ ಹೇಳಿದಳು. ನಾನು ತಲೆಯಾಡಿಸುತ್ತ ಕೂತೆ. ಹೇಡಿ ನಾನು.

ಈಗ ಫ್ರಿಜ್ಜಿನ ಮೇಲೆ ಮೂರನೆಯ ಪಟ್ಟಿ ಉಂಟು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಾಸಿಗೆಯ ಬಟ್ಟೆ, ಬೆನ್ನಿನ ಹುಣ್ಣಿಗೆ ಔಷಧ. ಹಗಲಿಗೆ ಪಕ್ಕದ ಮನೆಯ ಹೆಂಗಸು ಬರುತ್ತಾಳೆ, ಬೆಳಿಗ್ಗೆ ಮೈ ಒರೆಸುವುದು ನನ್ನ ಪಾಲು. ಒರೆಸಿ ಮುಗಿಯದೆ ಪೆನ್ನು ಮುಟ್ಟುವುದಿಲ್ಲ. ಅಂಗಳದ ಪಾಚಿಯನ್ನೂ ಈಗ ವಾರ ತಪ್ಪದೆ ಉಜ್ಜುತ್ತೇನೆ. ಅಲ್ಲಿ ನಡೆಯುವವರು ಯಾರೂ ಇಲ್ಲ.

ಮೊನ್ನೆ ಬಿಸಿನೀರಿನ ಬಟ್ಟೆ ಹಿಂಡುತ್ತ, ಮುಖ ನೋಡದೆ ಹೇಳಿಬಿಟ್ಟೆ. "ಅಮ್ಮ, ಆ ಭಾನುವಾರ ನಾನು ಕಟ್ಟೆಯ ಸುತ್ತ ಉಜ್ಜಿರಲಿಲ್ಲ."

ಅಮ್ಮ ಮಲಗಿದಲ್ಲಿಂದಲೇ ನನ್ನ ಕಡೆ ಕತ್ತು ಹೊರಳಿಸಿದಳು.

"ಗೊತ್ತುಂಟು ಮಗಾ. ಕಣ್ಣಿಗೆ ಕಾಣದಿದ್ದರೂ ಕಾಲಿಗೆ ಗೊತ್ತಾಗ್ತದೆ ಅಲ್ವಾ? ಮೊದಲನೇ ಹೆಜ್ಜೆಗೇ ಗೊತ್ತಾಯಿತು. ನೀನು ರೈಟ್ ಹಾಕಿದ್ದಿಯಲ್ಲ, ನನ್ನ ಕಾಲಿನದ್ದೇ ತಪ್ಪಿರಬೇಕು ಅಂತ ಎರಡನೇ ಹೆಜ್ಜೆ ಇಟ್ಟೆ."

ಬಟ್ಟೆಯನ್ನು ಹಾಗೆಯೇ ಹಿಡಿದು ನಿಂತಿದ್ದೆ. ನೀರು ತಣಿಯುತ್ತದೆ, ಬೆನ್ನು ಒರೆಸು ಎಂದಳು.